ಐವತ್ತೆರಡು ಲಕೋಟೆಗಳ ಕ್ರಿಸ್ಮಸ್ ಸಮಾಚಾರ

ಮೂವತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಕ್ಲಿಫರ್ಡ್ ಪಿಂಚ್‌ಬೆಕ್ ಮೇಷ್ಟ್ರಿಗೆ ಪ್ರತಿ ಡಿಸೆಂಬರಿನಲ್ಲೂ ರಕ್ತದೊತ್ತಡ ಏರುತ್ತಿತ್ತು. ಕಾರಣ ಲಿಂಕನ್‌ಶೈರಿನ ಚಳಿಯಲ್ಲ, ಹೆಂಡತಿ ಮ್ಯೂರಿಯಲ್. ವರ್ಷದ ಸಮಾಚಾರವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕ್ರಿಸ್ಮಸ್ ಕಾರ್ಡಿನೊಳಗಿಟ್ಟು ನಂಟರಿಷ್ಟರಿಗೆ ಕಳಿಸುವುದು ಆಕೆಯ ವಾಡಿಕೆ. ಕಳಿಸಲಿ, ಬೇಡವೆಂದವರಾರು? ಆದರೆ ಹಾಳೆಯ ಮೇಲಿನಿಂದ ಕೆಳಗಿನವರೆಗೆ ಇರುತ್ತಿದ್ದುದು ಒಂದೇ ವಾಕ್ಯ! ಮಂಡಿನೋವು ಮೊಮ್ಮಕ್ಕಳನ್ನು ಹಿಡಿದುಕೊಂಡು, ಮೊಮ್ಮಕ್ಕಳು ನಾಯಿಯ ಬಾಲ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಓಡುತ್ತಿದ್ದರು. (ಊರ ಮಕ್ಕಳ ವಾಕ್ಯಗಳ ಮೇಲೆಲ್ಲ ಕೆಂಪು ಮಸಿ ಸುರಿಸಿದವರ ಮನೆಯಲ್ಲೇ ಈ ಅನಾಚಾರ.)

"ಮಧ್ಯೆ ಒಂದು ಚುಕ್ಕಿ ಇಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಈ ಸಲ ಕೇಳಿಯೇ ಬಿಟ್ಟರು.

"ನಮ್ಮೋರು ಓದಿ ನಗ್ತಾರೆ ಕಣ್ರೀ, ನಂಗಷ್ಟು ಸಾಕು. ಹೊಟ್ಟೆ ಉರಿಯೋದಾದ್ರೆ ನೀವೇ ತಿದ್ದಿ ಕಳಿಸಿ," ಎಂದು ಮ್ಯೂರಿಯಲ್ ಪುಡಿಂಗಿನ ಕಡೆ ತಿರುಗಿದಳು.

ಮೇಷ್ಟ್ರು ವಾಕ್ಯವನ್ನು ಕಡಿದರು, ಚುಕ್ಕಿ ಜಡಿದರು, ಬಾಲಗಳನ್ನೆಲ್ಲ ಕತ್ತರಿಸಿದರು. 'ನಾನು' ಇದ್ದಲ್ಲಿ 'ಮ್ಯೂರಿಯಲ್' ಎಂದು ಬರೆದು ಕೆಳಗೆ ತಮ್ಮೊಬ್ಬರದೇ ಸಹಿ ಹಾಕಿದರು. ಐವತ್ತೆರಡು ಲಕೋಟೆಗಳಲ್ಲಿ ಹೋದದ್ದು ಇಷ್ಟು: "ಮೇ ತಿಂಗಳಲ್ಲಿ ಮ್ಯೂರಿಯಲ್ ಆಸ್ಪತ್ರೆ ಸೇರಿದಳು. ಹೆಚ್ಚು ನರಳಲಿಲ್ಲ. ಮೊಮ್ಮಕ್ಕಳು ಬಂದು ಹೋದರು. ಈಗ ಮನೆ ತಣ್ಣಗಿದೆ. ನಾಯಿ ದಿನವೂ ಬಾಗಿಲಲ್ಲಿ ಕಾಯುತ್ತದೆ." (ಹೊಸ ಮಂಡಿ ಹಾಕಿಸಿಕೊಂಡು ಮೂರನೇ ದಿನ ಮನೆಗೆ ಬಂದದ್ದೂ, ನಾಯಿ ಕಾಯುವುದು ಅಂಚೆಯವನ ಕಾಲಿಗಾಗಿ ಎಂಬುದೂ ಬಾಲದ ಜೊತೆಗೇ ಹೋಗಿದ್ದವು.)

ಕಾರ್ಡುಗಳು ಅಂಚೆಗೆ ಬಿದ್ದ ನಾಲ್ಕನೇ ದಿನ ಮ್ಯೂರಿಯಲ್‌ಳ ಬಾಲ್ಯದ ಗೆಳತಿ ಎನಿಡ್ ಕಪ್ಪು ಕೋಟು ತೊಟ್ಟು, ದುಃಖದ ಮನೆಗೆಂದು ಬೇಯಿಸಿದ ಮಾಂಸದ ಪೈ ಹಿಡಿದು ಶೆಫೀಲ್ಡಿನಿಂದ ರೈಲಿನಲ್ಲಿ ಬಂದಳು. ಬಾಗಿಲು ತೆರೆದವಳು ಮ್ಯೂರಿಯಲ್. ಎನಿಡ್ ಪೈಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದಳು.

"ಮಣ್ಣಿಗೂ ಕರೀಲಿಲ್ವಲ್ಲ ಅಂತ ದಾರಿಯುದ್ದಕ್ಕೂ ನಿನ್ನ ಗಂಡನ್ನ ಬೈಕೊಂಡು ಬಂದೆ ಕಣೇ," ಎಂದು ಅತ್ತೇಬಿಟ್ಟಳು.

ಅವಳ ಕೈಯಿಂದ ಹಾಳೆ ಇಸಿದುಕೊಂಡು ಓದಿದ ಮ್ಯೂರಿಯಲ್, ಹಿಂದೆ ಬಂದು ನಿಂತಿದ್ದ ಗಂಡನತ್ತ ತಿರುಗಿದಳು.

"ತಪ್ಪು ತಿದ್ದಿ ಅಂದ್ರೆ ನನ್ನನ್ನೇ ಒರೆಸಿಹಾಕಿದ್ರಲ್ಲ. ಇವತ್ತೇ ಎಲ್ಲರಿಗೂ ಬರೀರಿ."

ಒಳಗೆ ಫೋನು ಬೇರೆ ಬಡಿದುಕೊಳ್ಳತೊಡಗಿತು. ಮೇಷ್ಟ್ರು ಬರೆಯಲು ಕುಳಿತರು. ಮ್ಯೂರಿಯಲ್ ಬದುಕಿದ್ದಾಳೆ, ಆಸ್ಪತ್ರೆ ಸೇರಿದ್ದು ಮಂಡಿಗಾಗಿ, ತಪ್ಪೆಲ್ಲ ನನ್ನದು, ದಯವಿಟ್ಟು ಹೂವು ಕಳಿಸಬೇಡಿ... ಎಲ್ಲಿ ಚುಕ್ಕಿ ಇಡಹೋದರೂ, ಓದುವವರು ಅಲ್ಲೇ ನಿಂತುಬಿಟ್ಟರೆ ಎಂಬ ದಿಗಿಲು. ಹಾಳೆ ಮುಗಿಯಿತು, ವಾಕ್ಯ ಮುಗಿಯಲಿಲ್ಲ.

ಮ್ಯೂರಿಯಲ್ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದಳು. ಗಂಡನ ಕೆಂಪು ಪೆನ್ನನ್ನೇ ತೆಗೆದುಕೊಂಡು, ಅಂಚಿನಲ್ಲಿ ಹತ್ತಕ್ಕೆ ಮೂರು ಎಂದು ಬರೆದಳು.

"ತಿದ್ದೋದು ಬೇಡ, ಹೀಗೇ ಹೋಗ್ಲಿ," ಎಂದಳು. "ನಮ್ಮೋರು ಓದಿ ನಗ್ತಾರೆ."