ದಫೇದಾರರ ಕೋಳಿ ಖಜಾನೆ

ನಮ್ಮ ಮಾವನವರು ಲೋಕದಲ್ಲಿ ಇಬ್ಬರನ್ನು ಮಾತ್ರ ನಂಬುತ್ತಿದ್ದರು. ಒಬ್ಬರು ತೀರಿಕೊಂಡಿದ್ದ ನಮ್ಮತ್ತೆ. ಇನ್ನೊಬ್ಬರು ಯಾರೆಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ. ಮಿಕ್ಕ ಮನುಷ್ಯರೆಲ್ಲ ಅವರ ಕಣ್ಣಿಗೆ ಇನ್ನೂ ಸಿಕ್ಕಿಬೀಳದ ಕಳ್ಳರು, ಅಷ್ಟೇ!

ನಾನು ಬಣ್ಣ ಕಟ್ಟುತ್ತಿದ್ದೇನೆ ಅನ್ನುತ್ತೀರಾ? ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯುವಾಗ ತೆಂಗಿನಕಾಯಿಯ ಮೇಲೆ ಚಾಕುವಿನಿಂದ ಒಂದು ಗೀಟು ಎಳೆದುಕೊಂಡೇ ಹೋಗುತ್ತಿದ್ದರು. ಪೂಜಾರಪ್ಪ ಒಳಗಿನಿಂದ ತಂದುಕೊಟ್ಟ ಹೋಳಿನಲ್ಲಿ ಆ ಗೀಟು ಸಿಕ್ಕ ಮೇಲೆಯೇ ಕಣ್ಣಿಗೊತ್ತಿಕೊಳ್ಳುತ್ತಿದ್ದುದು. ಶಿರಾ ಬಸ್ಸು ಹತ್ತಿದರೆ, "ಇದು ಶಿರಾಕ್ಕೇ ಹೋಗ್ತದಾ?" ಎಂದು ಮೂವರನ್ನು ಕೇಳುತ್ತಿದ್ದರು. ಮೂವರೂ ಹೌದು ಅಂದುಬಿಟ್ಟರೆ, ಈ ಮೂವರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಇಳಿದುಬಿಡುತ್ತಿದ್ದರು!

ಅವರನ್ನು ದೂರಿ ಪ್ರಯೋಜನವಿಲ್ಲ ಬಿಡಿ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ದಫೇದಾರರಾಗಿ ಖಜಾನೆ ಕಾದವರು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವುದು ಅವರ ಕೈಗೆ ಅಂಟಿಕೊಂಡ ಅಭ್ಯಾಸ. ಎಷ್ಟರಮಟ್ಟಿಗೆ ಅಂದರೆ, ಕೆಲಸದಿಂದ ನಿವೃತ್ತರಾದ ಮೇಲೂ ಮಧುಗಿರಿಯ ಪೇಟೆಬೀದಿಯಲ್ಲಿ ಹೋಗುವಾಗ ಮುಚ್ಚಿದ ಅಂಗಡಿಗಳ ಬೀಗವನ್ನೆಲ್ಲ ಜಗ್ಗಿಕೊಂಡು ಹೋಗುತ್ತಿದ್ದರು. ಹೊಸದಾಗಿ ಬಂದ ಪೊಲೀಸಿನವನೊಬ್ಬ ಅವರನ್ನೇ ಕಳ್ಳನೆಂದು ಹಿಡಿದುಕೊಂಡಿದ್ದನಂತೆ. "ಅವನೊಬ್ಬ ಸರಿಯಾಗಿ ಕೆಲ್ಸ ಮಾಡ್ತಾನೆ" ಎಂದು ಮಾವನವರು ಅವನನ್ನು ಬಹಳ ದಿನ ಹೊಗಳುತ್ತಿದ್ದರು.

ಅಮಲ್ದಾರರು ಹೋಗಿ ತಹಸೀಲ್ದಾರರು ಬಂದಿದ್ದ ಕಾಲ ಅದು. ನಾನು ಪಾವಗಡದ ತಿರುಮಣಿ ಕಡೆಯಿಂದ ಸೊಸೆಯಾಗಿ ಬಂದವಳು. ನನ್ನ ಯಜಮಾನರು ಕೊರಟಗೆರೆ ಹತ್ತಿರದ ಹಳ್ಳಿಯಲ್ಲಿ ಮೇಷ್ಟರು. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಟರು. ವಾರವೆಲ್ಲ ಆ ಮನೆಯಲ್ಲಿ ಇದ್ದವರು ನಾನು ಮತ್ತು ಮಾವ. ಮಾವ-ಸೊಸೆ ಎದುರುಬದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅವರು ಹೇಳಬೇಕಾದ್ದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು, ನಾನು ಅಡಿಗೆಮನೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. "ಸಾರಿಗೆ ಉಪ್ಪು ಕಮ್ಮಿ ಆಗೈತೆ" ಎಂದು ಕಂಬವನ್ನು ಗದರಿದರೆ ಕಂಬವೇನು ಮಾಡೀತು, ಪಾಪ!

ಮನೆಯಲ್ಲಿ ಐದು ಕೋಳಿಗಳಿದ್ದವು. ಬೆಳಿಗ್ಗೆ ಕೋಳಿಯ ಹಿಂದೆ ಬೆರಳಿಟ್ಟು ಇವತ್ತು ಮೊಟ್ಟೆ ಇದೆಯೋ ಇಲ್ಲವೋ ನೋಡುವುದು ನಮ್ಮ ಕಡೆ ಹೆಂಗಸರ ಕೆಲಸ. ಇದ್ದರೆ ಅದನ್ನು ಹೊರಗೆ ಬಿಡದೆ ಮೇಲೆ ಮಂಕರಿ ಬುಟ್ಟಿ ಕವುಚಿ ಮುಚ್ಚಿಡುತ್ತಾರೆ. ಬಿಟ್ಟರೆ ಪಕ್ಕದವರ ಹಿತ್ತಿಲಲ್ಲಿ ಇಟ್ಟುಬಂದೀತಲ್ಲ! ಅತ್ತೆ ಹೋದ ಮೇಲೆ ಆ ಕೆಲಸವನ್ನೂ ಮಾವನವರು ಯಾರಿಗೂ ಬಿಡಲಿಲ್ಲ. ಒಂದೊಂದನ್ನೇ ಕಂಕುಳಲ್ಲಿ ಅಮುಕಿಕೊಂಡು ಕಚೇರಿಯ ಗತ್ತಿನಲ್ಲೇ ಕೂಗುತ್ತಿದ್ದರು, "ಕೆಂಪಿ, ಐತೆ! ಚುಕ್ಕಿ, ಐತೆ! ಕರಿಯ ಕೋಳಿ, ಇಲ್ಲ!"

ಆದರೆ ಬೆಳಿಗ್ಗೆ ಬೆರಳಿಗೆ ಸಿಕ್ಕಿದ್ದು ಮಧ್ಯಾಹ್ನ ಕಣ್ಣಿಗೆ ಸಿಗುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಒಂದು ಮೊಟ್ಟೆ ಮಾಯ!

ಮೊದಲು ಆರೋಪ ಹೊತ್ತದ್ದು ಮುಂಗುಸಿ. ಅದರ ಮೇಲೆ ಸಾಕ್ಷಿ ಸಾಲದೆ ಅನುಮಾನ ಪಕ್ಕದ ಮನೆ ಪುಟ್ಟಮ್ಮನ ಬೆಕ್ಕಿನ ಮೇಲೆ ಹೋಯಿತು. ಆಮೇಲೆ ಪುಟ್ಟಮ್ಮನ ಮೇಲೇ ಹೋಯಿತು. ಕೊನೆಗೆ ಚುಕ್ಕಿಯ ಮೇಲೇ ತಿರುಗಿತು. ಅದು ಮಂಕರಿಯೊಳಗೆ ಮೊಟ್ಟೆಯಿಟ್ಟು ತಾನೇ ತಿಂದು, ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತದಂತೆ! ಪೂರ್ತಿ ಒಂದು ಹೊತ್ತು ಅದರ ಎದುರು ಮಣೆ ಹಾಕಿಕೊಂಡು ಕೂತು ಅದರ ಮುಖವನ್ನೇ ನೋಡಿದರು. ಚುಕ್ಕಿ ಒಪ್ಪಿಕೊಳ್ಳಲಿಲ್ಲ.

ಎಲ್ಲಿಂದ ಒಪ್ಪಿಕೊಳ್ಳಬೇಕು? ಕಳ್ಳಿ ನಾನು!

ಹೂಂ, ನಾನೇ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕು. ನನಗಾಗ ಐದು ತಿಂಗಳು. ಬೇರೆಯವರಿಗೆ ಹುಣಸೆಕಾಯಿ, ಮಣ್ಣು ಎಂದೆಲ್ಲ ಬಯಕೆಯಾದರೆ ನನಗೆ ಬೂದಿಯಲ್ಲಿ ಸುಟ್ಟ ಮೊಟ್ಟೆ. ನಾನು ಚಿಕ್ಕವಳಿದ್ದಾಗ ನಮ್ಮವ್ವ ಒಲೆಯ ಬಿಸಿ ಬೂದಿಯಲ್ಲಿ ಮೊಟ್ಟೆ ಹೂತು, ಸುಲಿದು, ಮುತ್ತುಗದ ಎಲೆಯಲ್ಲಿ ಉಪ್ಪು ಕಟ್ಟಿಕೊಡುತ್ತಿದ್ದಳು. ನನಗೆ ಹತ್ತು ತುಂಬುವ ಮೊದಲೇ ಅವಳು ಹೋದಳು. ಬಯಕೆಯನ್ನು ತಾಯಿಗೆ ಹೇಳಬೇಕು, ಇಲ್ಲವೇ ಅತ್ತೆಗೆ ಹೇಳಬೇಕು. ನನಗೆ ಇಬ್ಬರೂ ಇಲ್ಲ. ಮಾವನಿಗೆ ಹೇಳಲಾದೀತೇ? ಕಂಬಕ್ಕೆ ಹೇಳಬೇಕಿತ್ತು, ಅಷ್ಟೇ! ಅದಕ್ಕೇ ಅವರು ಬೀದಿಗೆ ಹೋದ ಹೊತ್ತು ನೋಡಿ ಮಂಕರಿ ಎತ್ತುವುದು, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದುಕೊಂಡು ಬಚ್ಚಲ ಒಲೆಯ ಮುಂದೆ ಕೂರುವುದು, ಸಿಪ್ಪೆಯನ್ನು ಬೂದಿಯೊಳಗೇ ಹೂಳುವುದು.

ಒಂದು ಬೆಳಿಗ್ಗೆ ಮಾವನವರು ಅದೇ ಬೂದಿಯಲ್ಲಿ ಹಲ್ಲುಜ್ಜುತ್ತಿದ್ದವರು ನಿಲ್ಲಿಸಿದರು. ಬಾಯಿಂದ ಏನನ್ನೋ ತೆಗೆದು ಬಿಸಿಲಿಗೆ ಹಿಡಿದು ನೋಡಿದರು.

"ಬೂದೀಲಿ ಏನೋ ಕಟಕಟ ಅಂತೈತಲ್ಲ!" ಎಂದು ಕಂಬಕ್ಕೆ ಹೇಳಿದರು.

ಅಯ್ಯೋ ದೇವುಡಾ! ಮಾವನ ಮನೆಯಲ್ಲಿ ಕದ್ದು ತಿಂದವಳು ಎಂದು ಒಂದು ಸಲ ಹೆಸರು ಬಂದರೆ ಸಾಯುವವರೆಗೂ ಹೋಗುವುದಿಲ್ಲ. ಆಡಿಕೊಳ್ಳುವವರು "ತಾಯಿಲ್ದೋಳು, ಬುದ್ಧಿ ಹೇಳೋರಿಲ್ಲ" ಎಂದು ನಮ್ಮವ್ವನನ್ನೂ ಸೇರಿಸಿ ಆಡಿಕೊಳ್ಳುತ್ತಾರೆ. ಅದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಮೊಟ್ಟೆ ಮಾತ್ರ ಇಳಿಯುತ್ತಿತ್ತು, ನಾಚಿಕೆಗೆಟ್ಟ ನಾಲಿಗೆ!

ಆ ದಿನವೇ ಮಾವನವರು ಕೋಳಿಗೂಡು ಕಟ್ಟಿಸುವ ತೀರ್ಮಾನ ಮಾಡಿದ್ದು. ಎಂಥ ಗೂಡು? ಇದ್ದಿಲಿನಿಂದ ಹಿತ್ತಿಲ ಚಪ್ಪಡಿಯ ಮೇಲೆ ನಕ್ಷೆ ಬರೆದರು, ಅಳಿಸಿದರು, ಯಾರಾದರೂ ನೋಡಿಬಿಟ್ಟಾರೆಂದು ಮೇಲೆ ಗೋಣಿತಾಟು ಹೊದಿಸಿದರು. ಶಿರಾದಿಂದ ರಹೀಮ್ ಸಾಬರು ಎಂಬ ಬಡಗಿಯನ್ನು ಕರೆಸಿದರು. ಮಧುಗಿರಿಯಲ್ಲಿ ಬಡಗಿಗಳಿಲ್ಲವೆಂದಲ್ಲ, ಊರಿನವನಾದರೆ ಗೂಡಿನ ಗುಟ್ಟು ಊರಿಗೆಲ್ಲ ಹೇಳುತ್ತಾನಂತೆ!

"ನೋಡಿ ಸಾಬ್ರೆ, ಕಿಂಡೀಲಿ ಕೋಳಿ ತೂರ್ಬೇಕು, ಕೈ ತೂರ್ಬಾರ್ದು."

ರಹೀಮ್ ಸಾಬರು ಗಡ್ಡ ಕೆರೆದುಕೊಂಡರು. "ದಫೇದಾರ್ ಸಾಬ್, ಮುರ್ಗಿಗಿಂತ ಕೈ ಸಣ್ಣದಲ್ವಾ? ಕೋಳಿ ತೂರೋ ಕಡೆ ಕೈ ತೂರ್ದೆ ಇರೋ ಹಂಗೆ ಮಾಡೋದು ಖುದಾನಿಗೂ ಕಷ್ಟ."

ಮಾವನವರು ತಲೆಯೆತ್ತಿ ಎದುರಿಗಿದ್ದ ಬೆಟ್ಟದ ಕೋಟೆಯನ್ನು ನೋಡಿದರು. ಕೋಟೆಯ ಬಾಗಿಲೊಳಗೆ ಶತ್ರು ನೆಟ್ಟಗೆ ನುಗ್ಗದಂತೆ ದಾರಿಯನ್ನು ಸೊಟ್ಟ ತಿರುಗಿಸಿರುತ್ತಾರಲ್ಲ! ಸರಿ, ಕೋಳಿಗೂಡಿಗೂ ಎರಡು ತಿರುವು ಬಂತು. ಕಲ್ಲುಗೋಡೆ, ಮೇಲೆ ಚಪ್ಪಡಿ, ಹಿಂದೆ ಮೊಟ್ಟೆ ತೆಗೆಯಲು ಜಾಲಿಮರದ ಬಾಗಿಲು. ಬಾಗಿಲಿಗೆ ಚಿಲಕ ಜೋಡಿಸುವ ಹೊತ್ತಿಗೆ ಮಾವನವರು, "ಸಾಬ್ರೆ, ನೀವು ಸ್ವಲ್ಪ ಆ ಕಡೆ ಮುಖ ಮಾಡ್ಕಳಿ" ಅಂದರು.

"ನಾನ್ ಆ ಕಡೆ ತಿರುಗಿದ್ರೆ ಚಿಲಕ ಹೊಡೆಯೋರು ಯಾರು, ಸಾಬ್?"

ಮಾವನವರು ಯೋಚನೆಗೆ ಬಿದ್ದರು. ಕಡೆಗೆ ತಾವೇ ಆ ಕಡೆ ಮುಖ ಮಾಡಿ ನಿಂತರು!

ಗೂಡು ಮುಗಿಯಿತು. ಕೋಳಿಗಳು ಆ ತಿರುವು ನೋಡಿ ಒಳಗೆ ಹೋಗಲೊಲ್ಲವು. ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಬೆಳಕು ಬರುತ್ತದೆಯೇ ಎಂದು ಪರೀಕ್ಷಿಸಲು ಮಾವನವರು ಹಿಂದಿನ ಬಾಗಿಲಿಂದ ತಲೆ ತೂರಿಸಿದರು, ಭುಜ ತೂರಿಸಿದರು, ಸಿಕ್ಕಿಕೊಂಡರು. ಗೋಡೆಯಾಚೆಯಿಂದ ಬರೀ ಎರಡು ಕಾಲು ಕಂಡ ಪುಟ್ಟಮ್ಮ, "ಕಳ್ಳ ಸಿಕ್ದ ಕಣ್ರಪ್ಪೋ! ದಫೇದಾರಣ್ಣ, ಬಾರಣ್ಣ, ಓಡ್ಬಾ!" ಎಂದು ಬೀದಿಯೆಲ್ಲ ಕೂಗಿದಳು. ಬೀದಿಯವರು ಬಂದು ಕಾಲು ಹಿಡಿದೆಳೆದರೆ ಬಂದವರು ದಫೇದಾರಣ್ಣನೇ. ನಗು ತಡೆಯಲು ನಾನು ಸೆರಗನ್ನೆಲ್ಲ ಬಾಯಿಗೆ ತುರುಕಿಕೊಂಡೆ.

ಎಲ್ಲರೂ ಹೋದ ಮೇಲೆ ಪುಟ್ಟಮ್ಮ ನನ್ನ ಹತ್ತಿರ ಬಂದು ಕೂತಳು.

"ನಗ್ಬ್ಯಾಡ ಕಣವ್ವ. ಇಷ್ಟೆಲ್ಲ ಯಾರಿಗೋಸ್ಕರ ಅಂದ್ಕಂಡಿದೀಯ? ಮೊಟ್ಟೆ ಕೂಡಾಕಿ ಕಾವಿಗೆ ಕೂರ್ಸ್ಬೇಕಂತೆ. ನಿನ್ ಬಾಣಂತನದ ಹೊತ್ಗೆ ಮರಿ ಬಲಿತು ಸಾರಿಗೆ ಬರ್ಬೇಕಂತೆ. 'ಆ ಮಗೀಗೆ ತೌರಿಲ್ಲ ಪುಟ್ಟಮ್ಮ, ಎಲ್ಲಾ ಇಲ್ಲೇ ಆಗ್ಬೇಕು' ಅಂದ್ರು."

ನನ್ನ ನಗು ಅಲ್ಲೇ ಸತ್ತುಹೋಯಿತು. ನಾನು ಇಷ್ಟು ದಿನ ಕದ್ದು ತಿಂದದ್ದು ನನ್ನ ಬಾಣಂತನವನ್ನೇ! ಇನ್ನು ಮುಟ್ಟಿದರೆ ನಮ್ಮವ್ವನ ಆಣೆ ಅಂದುಕೊಂಡೆ.

ಮಾರನೆಯ ದಿನ ಬೀಗಗಳು ಬಂದವು. ಒಂದಲ್ಲ, ಎರಡು. ಒಂದನ್ನು ಮಧುಗಿರಿಯಲ್ಲಿ ಕೊಂಡರು, ಇನ್ನೊಂದನ್ನು ಶಿರಾದಲ್ಲಿ. ಒಂದೇ ಅಂಗಡಿಯವನಿಗೆ ಎರಡರ ಗುಟ್ಟೂ ಗೊತ್ತಾಗಬಾರದು ನೋಡಿ! ಖಜಾನೆಯ ಕಾನೂನೂ ಅದೇ. ಒಂದು ಕೀಲಿ ಅಮಲ್ದಾರರ ಹತ್ತಿರ, ಇನ್ನೊಂದು ಖಜಾಂಚಿಯ ಹತ್ತಿರ. ಇಬ್ಬರೂ ಕೂಡದೆ ಬಾಗಿಲು ತೆರೆಯದು. ಅಮಲ್ದಾರರು ಯಾರೆಂದು ಕೇಳಬೇಕಿಲ್ಲ. ಖಜಾಂಚಿ? ಪುಟ್ಟಮ್ಮನಿಗೆ ಬೆಕ್ಕಿದೆ. ಮಗ ವಾರವೆಲ್ಲ ಊರಲ್ಲಿಲ್ಲ. ಮಾವನವರು ಎರಡನೆಯ ಕೀಲಿಯನ್ನು ಅಡಿಗೆಮನೆ ಹೊಸ್ತಿಲ ಮೇಲಿಟ್ಟು ಕಂಬದ ಕಡೆ ತಿರುಗಿದರು.

"ಈ ಮನೇಲಿ ಖಜಾಂಚಿ ಆಗೋ ಯೋಗ್ಯತೆ ಒಬ್ರಿಗೇ ಇರೋದು. ತಕ್ಕಳ್ಳಿ."

ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ, ನನ್ನದೇ ಕೈಯಲ್ಲಿ! ಆದರೆ ಅವರ ರೋಗ ನನಗೂ ಅಂಟಿತ್ತು. ಇದು ಬೋನು, ನನ್ನನ್ನು ಹಿಡಿಯಲೆಂದೇ ಇಟ್ಟದ್ದು ಎಂದು ಮನಸ್ಸು ಕೊರೆಯತೊಡಗಿತು. ಬೆಳಿಗ್ಗೆ ಅವರು ತಮ್ಮ ಬೀಗ ತೆಗೆದು ನಾಲ್ಕು ಹೆಜ್ಜೆ ಆಚೆ ಹೋಗಿ ನಿಲ್ಲುವರು; ನಾನು ಸೆರಗು ಹೊದ್ದು ಬಂದು ನನ್ನದನ್ನು ತೆಗೆಯುವೆ. ಬಾಗಿಲು ಎಳೆದು ಒಳಗೆ ಕೈಯಿಡುವುದು, ಮತ್ತೆ ಮುಚ್ಚುವುದು ಅವರೇ; ಅಷ್ಟು ಹೊತ್ತೂ ನಾನು ಗೂಡಿಗೆ ಬೆನ್ನು ಮಾಡಿ ನಿಂತಿರುತ್ತಿದ್ದೆ. ಬೀಗ ಹಾಕುವಾಗ ಮೊದಲು ನನ್ನದು, ಕೊನೆಗೆ ಅವರದು. ಅವರು ಜಗ್ಗಿ ನೋಡುವುದನ್ನು ನೋಡಬೇಕಾದೀತೆಂದು ನಾನು ಮೊದಲೇ ಒಳಗೆ ಓಡಿಬಿಡುತ್ತಿದ್ದೆ. ಹತ್ತು ದಿನ ಮೊಟ್ಟೆಯ ಕಡೆ ಕಣ್ಣೆತ್ತಲಿಲ್ಲ. ಬಯಕೆ ಮಾತ್ರ ಹೋಗಲಿಲ್ಲ. ಬಚ್ಚಲ ಒಲೆಯ ಬೂದಿ ಕಂಡರೆ ಬಾಯಲ್ಲಿ ನೀರೂ ಕಣ್ಣಲ್ಲಿ ನೀರೂ ಒಟ್ಟಿಗೆ ಬರುತ್ತಿತ್ತು.

ಹನ್ನೊಂದನೆಯ ದಿನ ಮಾವನವರು ಕ್ಷೌರಕ್ಕೆ ಹೋಗಿದ್ದರು. ಸುಮ್ಮನೆ ನೋಡಿಬರೋಣವೆಂದು ಗೂಡಿನ ಹತ್ತಿರ ಹೋದೆ. ಅವರ ಬೀಗ ಮುಟ್ಟಿದೆ, ಅಷ್ಟೇ. ಅದು ಕೈಗೇ ಬಂತು!

ಬೀಗ ಕೊಂಡಿಗೆ ಸುಮ್ಮನೆ ಸಿಕ್ಕಿಸಿತ್ತು, ಒತ್ತಿರಲಿಲ್ಲ. ಊರವರ ಬೀಗವನ್ನೆಲ್ಲ ಮೂರು ಮೂರು ಸಲ ಜಗ್ಗುವ ಮನುಷ್ಯ ತನ್ನ ಬೀಗವನ್ನು ಮರೆಯುವುದುಂಟೇ? ಬೋನೇ ಸರಿ ಎಂದು ಸುತ್ತ ನೋಡಿದೆ. ಯಾರೂ ಇಲ್ಲ. ನನ್ನ ಬೀಗ ತೆಗೆದು ಬಾಗಿಲು ಎಳೆದೆ. ಒಳಗೆ ಕಾವಿಗೆಂದು ತೆಗೆದಿಟ್ಟ ಮೊಟ್ಟೆಗಳು ರಾಗಿ ಹೊಟ್ಟಿನ ಕುಕ್ಕೆಯಲ್ಲಿದ್ದವು. ಬಾಗಿಲ ಬಾಯಲ್ಲೇ, ಬೇರೆಯಾಗಿ, ಎರಡು ಮೊಟ್ಟೆ. ಪಕ್ಕದಲ್ಲಿ ಮಡಿಸಿದ ಮುತ್ತುಗದ ಎಲೆ. ಎಲೆ ಒಣಗಿ ಹಪ್ಪಳವಾಗಿತ್ತು. ಇಟ್ಟು ಬಹಳ ದಿನವಾಗಿತ್ತು. ಬಿಚ್ಚಿ ನೋಡಿದೆ. ಕಲ್ಲುಪ್ಪು!

ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಹಿತ್ತಿಲ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಮಾವನವರು ಅರ್ಧ ತಿರುಗಿ ನಿಂತು, ಕಾಲ ಹತ್ತಿರ ಬಂದ ಚುಕ್ಕಿಯನ್ನು ಗದರುತ್ತಿದ್ದರು.

"ಲೇ, ಹತ್ತು ದಿನದಿಂದ ಬೀಗ ತೆಗ್ದಿಟ್ಟು ಕಾಯ್ತಾ ಇವ್ನಿ. ಬಸುರಿ ಹೆಂಗ್ಸು ಆಸೆ ನುಂಗ್ಕಂಡು ಕೂತ್ರೆ ಮಗಾ ಸೊರಗಲ್ವೇನೇ? ಬೂದಿ ಬಿಸಿ ಐತೆ, ಹೋಗಿ ಸುಟ್ಕಂಡು ತಿನ್ನು ಅಂತ ಯೋಳು."

ಅವ್ವ ಹೋದ ಮೇಲೆ ನನಗೆ ಎಲೆಯಲ್ಲಿ ಉಪ್ಪು ಕಟ್ಟಿಟ್ಟವರು ಅವರೊಬ್ಬರೇ.