ಅಡಾಪ್ಟರಿನ ಜ್ವರ

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಕೈಯ ಹಿಂಬದಿ ತಾಗಿಸಿ ಜ್ವರ ನೋಡುವುದರಲ್ಲಿ ನಿಸ್ಸೀಮರು. ಡಾಕ್ಟರೇನಲ್ಲ. ನೋಡುವುದು ಮನುಷ್ಯರ ಜ್ವರವನ್ನೂ ಅಲ್ಲ, ಅಡಾಪ್ಟರುಗಳದ್ದು!

ತ್ಯಾಗರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಅವರ ಕೋಣೆ. ಅಲ್ಲೊಂದು ಬಿಸ್ಕತ್ತಿನ ಡಬ್ಬದ ತುಂಬ ಕೆಟ್ಟುಹೋದ ಮೋಡೆಮ್ಮು, ಪ್ರಿಂಟರುಗಳ ಅಡಾಪ್ಟರುಗಳು. ಇನ್ನೊಂದರಲ್ಲಿ ಹಳೇ ಕಂಪ್ಯೂಟರುಗಳಿಂದ ಕಿತ್ತ ಅಂಗೈಯಗಲದ ಫ್ಯಾನುಗಳು. ಯಾವುದಕ್ಕೆ ಯಾವುದು ಜೋಡಿ ಎಂದು ನೋಡುವುದೇ ದಿನವಿಡೀ ಕೆಲಸ. ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ! ಚಪ್ಪಲಿ ಗೂಡಿಗೊಂದು ಫ್ಯಾನು, ಒದ್ದೆ ಸಾಕ್ಸಿಗೊಂದು, ಕಾಫಿ ಆರಿಸಲು ಇನ್ನೊಂದು. ಫಿಲ್ಟರ್ ಕಾಫಿಗೆ ಗಾಳಿ ಹಾಕುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅಡುಗೆಮನೆಗೆ ಮಾತ್ರ ಫ್ಯಾನಿರಲಿಲ್ಲ. ಗಾಳಿಗೆ ಒಲೆಯ ಉರಿ ಅಲ್ಲಾಡುತ್ತದಲ್ಲ! ಆದರೆ ಕಳೆದೊಂದು ವರ್ಷದಿಂದ ನನಗೆ ಮುಟ್ಟು ನಿಲ್ಲುವ ವಯಸ್ಸಿನ ಸೆಕೆ ಶುರುವಾಗಿತ್ತು. ಚಪಾತಿ ಲಟ್ಟಿಸುತ್ತಿದ್ದಂತೆ ಎದೆಯಿಂದ ನೆತ್ತಿಯವರೆಗೆ ಬೆಂಕಿ. ಹೇಳಿಕೊಳ್ಳುವುದಾದರೂ ಯಾರ ಹತ್ತಿರ? ಕೊತ್ತಂಬರಿ ಹುಡುಕುವ ನೆಪದಲ್ಲಿ ಫ್ರಿಜ್ಜಿನೊಳಗೆ ತಲೆಯಿಟ್ಟು ನಿಂತುಬಿಡುತ್ತಿದ್ದೆ.

ಒಂದು ದಿನ ಭಾವ ಅಳತೆ ಟೇಪು ಹಿಡಿದು ಅಡುಗೆಮನೆಗೇ ಬಂದರು. "ಇಲ್ಲೊಂದು ಫ್ಯಾನ್ ಹಾಕ್ತೀನಿ."

"ಉರಿ ಆರೋಗತ್ತೆ ಭಾವ."

"ಆರಲ್ಲ. ಅಡಾಪ್ಟರ್ ಒಂದು ಸರಿಯಾಗಿ ಸಿಗ್ಬೇಕಷ್ಟೆ."

ಮೊದಲ ಪರೀಕ್ಷೆ ಊಟದ ಮೇಜಿನ ಮೇಲೆ ನಡೆಯಿತು. ಕನ್ನಡಕ ಹಾಕದೆ ಓದಿ, ಹನ್ನೆರಡು ವೋಲ್ಟಿನ ಫ್ಯಾನಿಗೆ ಇಪ್ಪತ್ತನಾಲ್ಕರ ಪ್ರಿಂಟರ್ ಅಡಾಪ್ಟರ್ ಸಿಕ್ಕಿಸಿದರು. ಫ್ಯಾನು ಹೆಲಿಕಾಪ್ಟರಿನಂತೆ ಕಿರುಚಿತು. ತಟ್ಟೆಯಲ್ಲಿದ್ದ ಚಟ್ನಿಪುಡಿಯೆಲ್ಲ ನಮ್ಮವರ ಬಿಳಿ ಷರ್ಟಿಗೆ!

"ಅಣ್ಣಾ!"

"ಕೂಗ್ಬೇಡ ಕಣೋ. ಪಾಪ, ಫ್ಯಾನ್ ಸುಟ್ಟೋಯ್ತೇನೋ."

ಆಮೇಲೆ, ಡಬ್ಬದಲ್ಲಿ ಹೊಂದುವುದು ಸಿಗದೆ, ಜಯನಗರ ನಾಲ್ಕನೇ ಬ್ಲಾಕಿನ ಹಳೇ ಸಾಮಾನಿನ ಅಂಗಡಿ. ತರಕಾರಿಗೆ ಹೊರಟಿದ್ದ ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಪಾಠ. "ವೋಲ್ಟು ಸಮ ಇರ್ಬೇಕು ಕಣಮ್ಮ. ಆಂಪಿಯರ್ ಜಾಸ್ತಿ ಇದ್ರೆ ತೊಂದ್ರೆ ಇಲ್ಲ. ಪಾತ್ರೆ ತುಂಬ ಅನ್ನ ಇದ್ರೂ ತಿನ್ನೋನು ಹೊಟ್ಟೆಗೆ ಬೇಕಾದಷ್ಟೇ ತಿಂತಾನೆ."

"ನಿಮ್ಮ ತಮ್ಮನ್ನ ನೋಡಿದ್ಮೇಲೂ ಹೀಗಂತೀರಾ ಭಾವ?"

ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ ಒಂದನ್ನು ಆರಿಸಿದರು. "ಇದು ನಿಜ್ವಾಗ್ಲೂ ಒಂದು ಆಂಪಿಯರ್ ಕೊಡತ್ತೇನಪ್ಪ?"

"ಮೇಲೇ ಬರ್ದಿದೆಯಲ್ಲ ಅಂಕಲ್."

"ಬರ್ಯೋದು ಯಾರು ಬೇಕಾದ್ರೂ ಬರೀತಾರೆ. ಅರ್ಧ ಗಂಟೆ ಓಡ್ಸಿ ಮುಟ್ಟಿ ನೋಡ್ಬೇಕು."

ಚೀಲದಿಂದ ಫ್ಯಾನು ತೆಗೆದು, ಸ್ಟೂಲೆಳೆದು ಕೂತೇಬಿಟ್ಟರು! ಐದೈದು ನಿಮಿಷಕ್ಕೊಮ್ಮೆ ಅಡಾಪ್ಟರನ್ನು ಮುಟ್ಟಿನೋಡುತ್ತಾ, ಕೂಸಿನ ಹಣೆ ಮುಟ್ಟಿದ ಹಾಗೆ. ಯಾರೋ ಹುಡುಗಿ ಬಂದು "ಅಂಕಲ್, ಮಿಕ್ಸಿನೂ ರಿಪೇರಿ ಮಾಡ್ತೀರಾ?" ಅಂದಳು. ನಾನು ಮುಖ ಮುಚ್ಚಿಕೊಂಡು ಪಕ್ಕದ ತರಕಾರಿ ಅಂಗಡಿಗೆ ಹೋಗಿ ಎರಡು ಕಟ್ಟು ಸೊಪ್ಪು ಹೆಚ್ಚಿಗೆ ಕೊಂಡೆ. ಮೂರನೆಯ ಅಡಾಪ್ಟರು ಪಾಸಾಯಿತು. "ಬೆಚ್ಚಗಿದೆ, ಸುಡ್ತಿಲ್ಲ. ಇದೇ ಇರ್ಲಿ."

ಸಂಜೆ ಒಲೆಯ ಎದುರು ಗೋಡೆಯಲ್ಲಿ, ಸರಿಯಾಗಿ ನನ್ನ ಕತ್ತಿನ ಎತ್ತರಕ್ಕೆ ಫ್ಯಾನು ಕೂತಿತು. ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಸ್ವಿಚ್ ಹಾಕಿದರು. ಹಿಂದಿನಿಂದ ಕತ್ತಿಗೆ ತಣ್ಣನೆ ಗಾಳಿ. ಉರಿ ನೆಟ್ಟಗೇ ಇತ್ತು.

"ಈ ವಯಸ್ಸಲ್ಲಿ ಇಷ್ಟೆಲ್ಲ ಕಷ್ಟ ಯಾಕೆ ಭಾವ?"

ಸ್ಕ್ರೂ ತಿರುಗಿಸುತ್ತಾ, ತಿರುಗಿ ನೋಡದೆ ಅಂದರು. "ಕೊತ್ತಂಬರಿ ಹುಡ್ಕೋಕೆ ಅಷ್ಟು ಹೊತ್ತು ಯಾರಿಗ್ ಬೇಕಮ್ಮ?"

ಒಂದೇ ಮನೆಯಲ್ಲಿ ಇಷ್ಟು ಜನರಿದ್ದೂ, ಕಂಡದ್ದು ಇವರಿಗೊಬ್ಬರಿಗೇ!

ಈಗ ದಿನಾ ಬೆಳಗ್ಗೆ ಕಾಫಿಗೆ ಇಳಿದು ಬಂದಾಗ ಮೊದಲು ಅಡಾಪ್ಟರನ್ನು ಮುಟ್ಟಿನೋಡುತ್ತಾರೆ.

"ಇದಕ್ಕೆ ಜ್ವರ ಇಲ್ಲ. ನಿಂಗೆ ಹೇಗಿದೆಯಮ್ಮ?"

ನಾನು ಫ್ರಿಜ್ ತೆಗೆಯುತ್ತೇನೆ. ಕೊತ್ತಂಬರಿ ತೆಗೆದುಕೊಂಡು, ಅವರಿಗೆ ಕಾಣುವ ಹಾಗೆ, ತಕ್ಷಣ ಬಾಗಿಲು ಹಾಕುತ್ತೇನೆ.