ಗೇರ್‌ಬಾಕ್ಸಿನ ಸೀಲೂ ನನ್ನ ಆಯುಷ್ಯವೂ

ಮಿಕ್ಸಿ, ಪಂಪ್‌ಸೆಟ್, ಸ್ಕೂಟರು ಎಲ್ಲ ಬಿಚ್ಚಿ ಜೋಡಿಸಿದವನಿಗೆ ವಿಮಾನ ಯಾವ ಮಹಾ ಎಂದು ನಾನು ನಂಬಿದ್ದೆ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನ ಧೈರ್ಯ ಅದು!

ವಿಮಾನ ನನ್ನದಲ್ಲ. ಹೆಂಡತಿಯ ಅಣ್ಣ ಸದಾನಂದ ಭಾವನದು. ಗಲ್ಫಿನಲ್ಲಿ ವಿಮಾನ ರಿಪೇರಿ ಮಾಡಿ ಊರಿಗೆ ಬಂದವರು, ನಾರಾವಿಯ ತಮ್ಮ ಶೆಡ್ಡಿನಲ್ಲಿ ಇಬ್ಬರು ಕೂರುವ ವಿಮಾನವೊಂದನ್ನು ಸ್ವಂತ ಕೈಯಿಂದ ಕಟ್ಟಿದ್ದರು. ಅದಕ್ಕೆ ಹಳೆಯ ಕಾರೊಂದರ ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ಒಳಗೇ ಗಿರಗಿರ ತಿರುಗುತ್ತದೆ. ಅದೇ ವೇಗದಲ್ಲಿ ಮುಂದಿನ ಫ್ಯಾನು ತಿರುಗಿದರೆ ಚೂರಾದೀತೆಂದು ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸ್. ಎರಡಕ್ಕೂ ಒಂದೇ ಎಣ್ಣೆ. ಆ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಬಳೆಯಷ್ಟು ದೊಡ್ಡ ಒಂದು ರಬ್ಬರ್ ಸೀಲ್.

ಹಳೆಯ ಸೀಲ್ ಜಿನುಗುತ್ತಿತ್ತು. ಭಾವ ಬ್ರೇಕ್ ಬಿಚ್ಚಿ ಕುಳಿತಿದ್ದರು.

"ಹೊಸ ಸೀಲ್ ನಾನು ಹಾಕ್ತೇನೆ!" ಎಂದೆ.

"ಸ್ಪ್ರಿಂಗ್ ಕಾಣುವ ಬದಿ ಒಳಗೆ ಹೋಗಬೇಕು, ಆಯ್ತಾ?" ಎಂದರು ಭಾವ.

"ಅದನ್ನು ನನಗೆ ಹೇಳುವುದಾ!"

"ಅಣ್ಣಾ, ನೀನೂ ಒಮ್ಮೆ ನೋಡು," ಎಂದಳು ಹೆಂಡತಿ ಸುಮತಿ. "ಇವರು ಸರಿಮಾಡಿದ ಮಿಕ್ಸಿ ಸ್ವಿಚ್ ಹಾಕದೆಯೂ ತಿರುಗ್ತದೆ."

ಇಂಥ ಅಪಪ್ರಚಾರಕ್ಕೆ ನಾನು ಉತ್ತರ ಕೊಡುವುದಿಲ್ಲ. ಸುತ್ತಿಗೆಯಿಂದ ನಾಲ್ಕು ತಟ್ಟಿದೆ. ಸೀಲ್ ಕೂತಿತು.

ಹಾರಿಸುವುದಕ್ಕೆ ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಹಾಗಾಗಿ ತೋಟದಾಚೆಯ ಬಯಲಲ್ಲಿ ನೆಲದ ಮೇಲೇ ಓಡಿಸಿ ಎಣ್ಣೆಯ ಬಿಸಿ ನೋಡುವುದೆಂದಾಯಿತು. ಬಯಲಿನ ಕೊನೆಗೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ. ಅದರ ತುಂಬ ಹಸಿರು ನೀರು. ನನಗೆ ಈಜು ಬರುವುದಿಲ್ಲ.

"ನೀವು ಈ ಮುಳ್ಳು ನೋಡ್ತಾ ಇರಿ. ನೂರು ದಾಟಿದರೆ ಹೇಳಿ," ಎಂದು ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿ ಎಂಜಿನ್ ಶುರು ಮಾಡಿದರು. ನನ್ನ ಹಲ್ಲುಗಳೂ ಶುರುವಾದವು!

ವಿಮಾನ ಓಡತೊಡಗಿತು. ಗಾಜಿನ ಮೇಲೆ ಒಂದು ಹನಿ ಬಿತ್ತು. ಮಳೆಯೇ? ಹೊರಗೆ ಸುಡು ಬಿಸಿಲು. ಹನಿ ಕಂದು ಬಣ್ಣದ್ದು.

ಆಗ ನೆನಪಾಯಿತು. ನಾನು ಸೀಲ್ ತಟ್ಟುವಾಗ ಆ ಸ್ಪ್ರಿಂಗ್ ನನ್ನನ್ನೇ ನೋಡುತ್ತಿತ್ತಲ್ಲ!

ಹನಿ ಧಾರೆಯಾಯಿತು. ಗಾಜು ಪೂರ್ತಿ ಕಂದಾಯಿತು. ಎದುರಿಗೆ ಬಯಲೂ ಇಲ್ಲ, ಕೋರೆಯೂ ಇಲ್ಲ. ಮುಳ್ಳು ತೊಂಬತ್ತು, ನೂರು, ನೂರಹತ್ತು!

"ಎಷ್ಟುಂಟು?" ಭಾವ ಕಿರುಚಿದರು.

ನಾನು ಮುಳ್ಳಿನ ಲೆಕ್ಕ ಬಿಟ್ಟು ಅಂದೆ, "ಭಾವ... ಸ್ಪ್ರಿಂಗ್... ಹೊರಗೆ!"

ಭಾವನ ಮುಖದಿಂದ ರಕ್ತ ಇಳಿದುಹೋಯಿತು. ಅದನ್ನು ಕಂಡ ಮೇಲೆ ನನ್ನಲ್ಲಿ ಉಳಿದಿದ್ದ ಜೀವವೂ ಇಳಿಯಿತು. ಅವರು ಎಂಜಿನ್ ಆರಿಸಿ ಬ್ರೇಕ್ ಮೆಟ್ಟಿದರು. ಮುಂದಿನದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿದ್ದೆ. ಬಿಸಿ ಎಣ್ಣೆಯ ವಾಸನೆ, ಚಕ್ರದ ಕೀರಲು ಸದ್ದು, ಕಿವಿಯೊಳಗೆ ಕೋರೆಯ ನೀರು ಬುಳುಬುಳು ಅಂದ ಹಾಗೆ. ಹೇಗೂ ಸಾಯುವುದಾದರೆ ವಿಮಾನದ ಹೊರಗೆ ಸಾಯುವ ಎಂದು ಬಾಗಿಲು ತಳ್ಳಿ ಹಾರಿದೆ!

ಮೊಣಕಾಲು ತರಚಿತು. ಕಣ್ಣು ಬಿಟ್ಟರೆ ಕೋರೆ ಇನ್ನೂ ಒಂದು ಬಸ್ ನಿಲ್ಲುವಷ್ಟು ದೂರ ಇತ್ತು. ವಿಮಾನ ಆಗಲೇ ನಿಂತಾಗಿತ್ತು. ಭಾವ ಒಳಗೆ ಕೂತು ಬೆವರು ಒರೆಸುತ್ತಿದ್ದರು.

ಸುಮತಿ ಓಡಿ ಬಂದಳು. ಅಣ್ಣನನ್ನು ನೋಡಿ ಉಸಿರು ಬಿಟ್ಟಳು. ಆಮೇಲೆ ನನ್ನನ್ನು ನೋಡಿದಳು.

"ನಿಂತ ವಿಮಾನದಿಂದ ಯಾಕೆ ಹಾರಿದ್ದು ನೀವು? ಇಳಿಯಲಿಕ್ಕೆ ಮೆಟ್ಟಿಲು ಉಂಟಲ್ಲ!"

ಏನೇ ಹೇಳಿ, ಅಂದು ಆ ಬಯಲಿನಲ್ಲಿ ಹಾರಿದ್ದು ನಾನೊಬ್ಬನೇ!